ಹಳೆಯ ಕಾರಿನಲ್ಲಿ ತಪ್ಪಿಹೋಗುವ ಕಿಡಿ

ಬೆಟ್ಟದಪುರದ ಬೆಟ್ಟದ ಮೇಲೆ ನೆಲೆಸಿರುವ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದು ಹೆಸರು. ಮೋಡಕ್ಕೂ ಬೆಟ್ಟದ ನೆತ್ತಿಗೂ ನಡುವೆ ವಿದ್ಯುತ್ತು ಗಾಳಿಯನ್ನು ಸೀಳಿಕೊಂಡು ಹಾಯುವುದೇ ಸಿಡಿಲು. ಅದೇ ಬೆಟ್ಟದ ಬುಡದಲ್ಲಿ ಓಡುವ ಹಳೆಯ ಅಂಬಾಸಡರ್ ಕಾರಿನ ಎಂಜಿನಿನೊಳಗೂ ನಡೆಯುವುದು ಇದೇ ವ್ಯಾಪಾರ. ಅಲ್ಲಿ ಅಂತರ ಮಾತ್ರ ಸುಮಾರು ೦.೬ ಮಿಲಿಮೀಟರು. ಆಕಾಶದ ಸಿಡಿಲಿಗೆ ಹೊತ್ತುಗೊತ್ತಿಲ್ಲ. ಎಂಜಿನಿನ ಕಿಡಿಯಾದರೋ ಕ್ಷಣ ತಪ್ಪದೆ ಬರಬೇಕು. ನಾಲ್ಕು ಸಿಲಿಂಡರುಗಳ ಫೋರ್‌ಸ್ಟ್ರೋಕ್ ಎಂಜಿನು ಮಿನಿಟಿಗೆ ೩೦೦೦ ಸುತ್ತು ತಿರುಗುವಾಗ, ಸುತ್ತಿಗೆ ಎರಡರಂತೆ, ಸೆಕೆಂಡಿಗೆ ೧೦೦ ಕಿಡಿಗಳು ಬೇಕು. ಅವುಗಳಲ್ಲಿ ಆಗೊಂದು ಈಗೊಂದು ತಪ್ಪಿದರೂ ಕಾರು ಮುಗ್ಗರಿಸುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಮಿಸ್ಸಿಂಗ್ ಹೊಡೆಯುತ್ತಿದೆ’ ಎನ್ನುತ್ತಾರೆ.

ಸದಾ ಇರುವ ದೋಷವನ್ನು ಹುಡುಕುವುದು ಸುಲಭ. ಕಾಣಿಸಿಕೊಂಡು ಮರೆಯಾಗುವ ದೋಷದ ಪರಿ ಬೇರೆ. ಬೆಟ್ಟದಪುರದಿಂದ ಹೊರಟ ಕಾರು ಕುಶಾಲನಗರದವರೆಗೆ ಸುಗಮವಾಗಿ ಓಡಿ, ಮಡಿಕೇರಿಯ ಏರಿನಲ್ಲಿ ಮಾತ್ರ ಮುಗ್ಗರಿಸಿತೆಂದು ಭಾವಿಸೋಣ. ಮರುದಿನ ಗ್ಯಾರೇಜಿನ ಅಂಗಳದಲ್ಲಿ ಅದು ನಿರೋಗಿ! ಆಗ ಊಹೆಯ ಮೇಲೆ ಮೊದಲು ಪ್ಲಗ್ಗು, ಆಮೇಲೆ ಕಾಯಿಲು, ಕೊನೆಗೆ ಕಾರ್ಬುರೇಟರು ಹೀಗೆ ಒಂದೊಂದನ್ನೇ ಬದಲಾಯಿಸಲಾಗುತ್ತದೆ. ಹಣ ಕರಗುತ್ತದೆ, ದೋಷ ಉಳಿಯುತ್ತದೆ. ಮಳೆಗಾಲದ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಕಾರು ಬಲಗುಂದಿದರೆ ಪ್ರಾಣಕ್ಕೇ ಅಪಾಯ. ಅಂಬಾಸಡರ್ ತಯಾರಿಕೆ ೨೦೧೪ರಲ್ಲಿಯೇ ನಿಂತಿರುವುದರಿಂದ, ಕೆಡದ ಮೂಲ ಬಿಡಿಭಾಗವನ್ನು ಎಸೆಯುವುದೂ ನಷ್ಟವೇ.

ಏರಿನಲ್ಲಿಯೇ ಏಕೆ? ಈ ಪ್ರಶ್ನೆಯಲ್ಲಿ ಭೌತವಿಜ್ಞಾನವಿದೆ. ಮೊದಲು ಕಿಡಿ ಹುಟ್ಟುವ ಬಗೆಯನ್ನು ನೋಡೋಣ. ಬ್ಯಾಟರಿಯ ೧೨ ವೋಲ್ಟುಗಳು ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಮೂರು ನಾಲ್ಕು ಆಂಪಿಯರ್ ಪ್ರವಾಹವನ್ನು ಹರಿಸುತ್ತವೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದುಕೊಂಡೊಡನೆ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿಯುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ನಿಯಮದಂತೆ, ಸಾವಿರಾರು ಸುತ್ತುಗಳ ಸಣ್ಣ ತಂತಿಯ ಸುರುಳಿಯಲ್ಲಿ ಆಗ ಅತ್ಯಧಿಕ ವೋಲ್ಟೇಜು ಪ್ರೇರಿತವಾಗುತ್ತದೆ. ಕುಸಿತ ಎಷ್ಟು ಶೀಘ್ರವೋ ವೋಲ್ಟೇಜು ಅಷ್ಟು ಹೆಚ್ಚು. ಪಾಯಿಂಟುಗಳ ನಡುವೆ ಕಿಡಿ ಎಳೆದಾಡಿ ಈ ಕುಸಿತವನ್ನು ನಿಧಾನಗೊಳಿಸದಂತೆ ಕಾಯುವುದೇ ಪಕ್ಕದಲ್ಲಿರುವ ಪುಟ್ಟ ಕಂಡೆನ್ಸರಿನ ಕೆಲಸ.

ಇನ್ನು ಪ್ಲಗ್ಗಿನ ತುದಿಗೆ ಬರೋಣ. ಅನಿಲದಲ್ಲಿ ಕಿಡಿ ಹಾರಲು ಬೇಕಾಗುವ ವೋಲ್ಟೇಜು, ಒತ್ತಡ ಮತ್ತು ಅಂತರ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಪಾಶೆನ್ ೧೮೮೯ರಲ್ಲಿ ತೋರಿಸಿಕೊಟ್ಟನು. (ಬಿಸಿ ಅನಿಲದಲ್ಲಿ ಒತ್ತಡಕ್ಕಿಂತ ಸಾಂದ್ರತೆಯನ್ನು ಗಣಿಸುವುದೇ ಸರಿ.) ಬಯಲ ಗಾಳಿಯಲ್ಲಿ ೦.೬ ಮಿಲಿಮೀಟರನ್ನು ದಾಟಲು ಮೂರು ಸಾವಿರ ವೋಲ್ಟಿನಷ್ಟು ಸಾಕು. ಸಿಲಿಂಡರಿನಲ್ಲಿ ಒತ್ತಿಹಿಡಿದ ಮಿಶ್ರಣವನ್ನು ದಾಟಲು ಹತ್ತು ಸಾವಿರದ ಆಸುಪಾಸು ಬೇಕಾದೀತು. ಸಮತಟ್ಟಾದ ದಾರಿಯಲ್ಲಿ ಥ್ರಾಟಲ್ ಅರೆಮುಚ್ಚಿರುತ್ತದೆ. ಸಿಲಿಂಡರಿಗೆ ಮಿಶ್ರಣ ಅರೆಹೊಟ್ಟೆಯಷ್ಟೇ ಸೇರುತ್ತದೆ. ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಸಿಲಿಂಡರು ತುಂಬಿಬರುತ್ತದೆ, ಸಾಂದ್ರತೆ ಏರುತ್ತದೆ, ಬೇಕಾದ ವೋಲ್ಟೇಜೂ ಏರುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೂದಲೆಳೆಯ ಬಿರುಕು, ಒದ್ದೆಯಾದ ಪ್ಲಗ್ ವೈರು, ಕೊಳೆ ಹತ್ತಿದ ಪಿಂಗಾಣಿ, ಇವು ಐದಾರು ಸಾವಿರ ವೋಲ್ಟನ್ನು ತಡೆದಾವು. ಹತ್ತು ಸಾವಿರವನ್ನು ತಡೆಯಲಾರವು. ವಿದ್ಯುತ್ತಿಗೆ ಸುಲಭದ ಅಡ್ಡದಾರಿ ಸಿಕ್ಕಿತು, ಪ್ಲಗ್ಗಿನಲ್ಲಿ ಕಿಡಿ ತಪ್ಪಿತು.

ಆದುದರಿಂದಲೇ ಪ್ಲಗ್ಗನ್ನು ಬಿಚ್ಚಿ, ಎಂಜಿನಿನ ಮೇಲಿಟ್ಟು, ‘ಕಿಡಿ ಚೆನ್ನಾಗಿದೆ’ ಎನ್ನುವ ವಾಡಿಕೆಯ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಯಲಿನಲ್ಲಿ ಗೆದ್ದ ಕಿಡಿ ಸಿಲಿಂಡರಿನಲ್ಲಿ ಗೆಲ್ಲಬೇಕೆಂದೇನೂ ಇಲ್ಲ. ಇದಕ್ಕಿಂತ ಕತ್ತಲೆಯ ಪರೀಕ್ಷೆ ಮೇಲು. ಪೆಟ್ರೋಲು ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ರಾತ್ರಿ ಬಾನೆಟ್ಟನ್ನೆತ್ತಿ, ಓಡುವ ಎಂಜಿನನ್ನು ದೂರದಿಂದ, ಕೈಹಾಕದೆ ನೋಡಬೇಕು. ವಿದ್ಯುತ್ತು ಸೋರುವ ಎಡೆಯಲ್ಲಿ ನೀಲಿ ಮಿಣುಕು ಕಾಣುವುದುಂಟು.

ಅರ್ಧ ಗಂಟೆ ಓಡಿದ ಮೇಲಷ್ಟೇ ಬಂದು, ತಣಿದರೆ ಮಾಯವಾಗುವ ಮಿಸ್ಸಿಂಗಿಗೆ ಉಷ್ಣವನ್ನು ಶಂಕಿಸಬೇಕು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ ೦.೪ರಷ್ಟು ಹೆಚ್ಚುತ್ತದೆ. ೩ ಓಮಿನ ಸುರುಳಿ ೬೦ ಡಿಗ್ರಿ ಕಾದರೆ ೩.೭ ಓಮಾಗುತ್ತದೆ, ೪ ಆಂಪಿಯರ್ ೩.೨ಕ್ಕೆ ಇಳಿಯುತ್ತದೆ. ಕಾಂತಕ್ಷೇತ್ರದ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಮೂರನೆಯ ಎರಡು ಭಾಗಕ್ಕೆ ಕುಗ್ಗುತ್ತದೆ. ಒಳ್ಳೆಯ ಕಾಯಿಲು ಇದನ್ನು ತಾಳಿಕೊಳ್ಳುತ್ತದೆ. ಒಳಗೆ ತಂತಿ ಸೀಳಿದ್ದರೆ ಅಥವಾ ಅವಾಹಕ ಸುಟ್ಟಿದ್ದರೆ ತಾಳದು.

ಪೆಟ್ರೋಲಿನ ಕೊರತೆಯೂ ಏರಿನಲ್ಲಿಯೇ ಕಾಣಿಸಿಕೊಳ್ಳುತ್ತದಷ್ಟೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ಕಿಡಿಯ ದೋಷ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಪೆಟ್ರೋಲಿನ ಕೊರತೆಯಲ್ಲಿ ಬಲ ಮೆಲ್ಲಮೆಲ್ಲನೆ ಸೋರುತ್ತದೆ. ಚೋಕನ್ನು ತುಸು ಎಳೆದಾಗ ಎಂಜಿನು ಚೇತರಿಸಿಕೊಂಡರೆ ಮಿಶ್ರಣ ತೆಳುವಾಗಿದೆಯೆಂದೇ ಅರ್ಥ. ಆಗ ಪಂಪು, ಫಿಲ್ಟರು, ಜೆಟ್ಟುಗಳ ಕಡೆ ತಿರುಗಬೇಕು.

ದೋಷ ಒಂದೇ ಸಿಲಿಂಡರಿನದೋ ಎಲ್ಲದರದೋ ಎಂಬುದು ಮುಂದಿನ ಪ್ರಶ್ನೆ. ಎಂಜಿನನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ವೈರನ್ನು ಕಳಚಿ, ಅದರ ತುದಿಯನ್ನು ಎಂಜಿನಿನ ಲೋಹಕ್ಕೆ ಭದ್ರವಾಗಿ ತಾಗಿಸಿ, ಮತ್ತೆ ಚಾಲೂ ಮಾಡಬೇಕು. ವೇಗ ಇಳಿದರೆ ಆ ಸಿಲಿಂಡರು ದುಡಿಯುತ್ತಿತ್ತು. ಇಳಿಯದಿದ್ದರೆ ಅದೇ ಸೋಮಾರಿ. ಮೂರನೆಯದು ಸೋಮಾರಿಯೆಂದು ಕಂಡರೆ ಅದರ ಪ್ಲಗ್ಗನ್ನು ಒಂದನೆಯದರೊಡನೆ ಅದಲುಬದಲು ಮಾಡಿರಿ, ಬೇರೇನನ್ನೂ ಮುಟ್ಟಬೇಡಿರಿ. ದೋಷ ಒಂದನೆಯದಕ್ಕೆ ಹೋದರೆ ತಪ್ಪು ಪ್ಲಗ್ಗಿನದು. ಮೂರರಲ್ಲಿಯೇ ಉಳಿದರೆ ವೈರು, ಮುಚ್ಚಳ, ಕೊನೆಗೆ ವಾಲ್ವು. ಇಲ್ಲಿಯವರೆಗೆ ಒಂದು ಕಾಸಿನ ಖರ್ಚೂ ಇಲ್ಲ.

ನಾಲ್ಕೂ ಸಿಲಿಂಡರುಗಳು ಗೊತ್ತುಗುರಿಯಿಲ್ಲದೆ ತಪ್ಪುತ್ತಿದ್ದರೆ ಅವೆಲ್ಲಕ್ಕೂ ಸಾಮಾನ್ಯವಾದ ಕಾಯಿಲು, ಕಂಡೆನ್ಸರು, ಪಾಯಿಂಟುಗಳನ್ನು ನೋಡಬೇಕು. ಇವುಗಳ ನಡುವೆ ಯಾರ ಕಣ್ಣಿಗೂ ಬೀಳದ ಇನ್ನೊಂದಿದೆ: ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿಗೆ ಹೋಗುವ ಗೇಣುದ್ದವೂ ಇಲ್ಲದ ಮೆತ್ತನೆಯ ತಂತಿ. ಆಕ್ಸಿಲರೇಟರು ತುಳಿದಂತೆಲ್ಲ ಪಾಯಿಂಟಿನ ತಟ್ಟೆ ತುಸು ಹೊರಳುತ್ತದೆ, ತಂತಿಯೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ಒಂದೊಂದಾಗಿ ತುಂಡಾದರೂ ಮೇಲಿನ ಹೊದಿಕೆ ಹೊಸದರಂತೆಯೇ ಇರುತ್ತದೆ. ಓಮ್ ಮೀಟರಿನ ಎರಡು ಕಡ್ಡಿಗಳನ್ನು ಅದರ ತುದಿಗಳಿಗೆ ಹಿಡಿದು, ತಟ್ಟೆಯನ್ನು ಬೆರಳಿನಿಂದ ಹಿಂದುಮುಂದು ಹೊರಳಿಸಿದರೆ, ಕಡಿದ ತಂತಿಯಿದ್ದಲ್ಲಿ ಮುಳ್ಳು ಹಾರಾಡುತ್ತದೆ.