ಗುಂಡಿ ಒತ್ತಿದರೆ ಯಾರು ಓಡಿ ಬರುತ್ತಾರೆ?

2024ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಅಪಲಾಚಿ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆಯಿತು. ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಪ್ರಾಣ ಕಳೆದುಕೊಂಡರು. ಅಲ್ಲಿನ ಶಿಕ್ಷಕರ ಕೊರಳಿಗೆ ಪ್ಯಾನಿಕ್ ಬಟನ್ ಇದ್ದ ಬ್ಯಾಡ್ಜ್ ಬಂದು ಸುಮಾರು ಒಂದು ವಾರವಾಗಿತ್ತಷ್ಟೆ. ಪೊಲೀಸರಿಗೆ ಸುದ್ದಿ ಮುಟ್ಟಿದ್ದು ಅದರಿಂದಲೇ. ನಮ್ಮ ಕಾಲೇಜುಗಳೂ ಇಂಥದ್ದನ್ನು ತರುವುದಾದರೆ ಇವಿಷ್ಟನ್ನು ಗಮನಿಸಲಿ.

1. ಮೊದಲು ಜನ, ಆಮೇಲೆ ಯಂತ್ರ. ರಾತ್ರಿ ಪಾಳಿಯಲ್ಲಿ ಕರೆಗೆ ಓಗೊಡುವವರು ಯಾರು, ಅವರ ಬಳಿ ಬೀಗದ ಕೈ ಇದೆಯೇ, ಮಹಿಳಾ ಸಿಬ್ಬಂದಿ ಇದ್ದಾರೆಯೇ? ಇದಕ್ಕೆ ಉತ್ತರವಿಲ್ಲದೆ ಟೆಂಡರ್ ಕರೆಯಬೇಡಿ.

2. ಕೋಣೆ ತೋರಿಸದ ಬಟನ್ ಬೇಡ. ಜಿಪಿಎಸ್ ಬಯಲಿನಲ್ಲಿ ಚೆನ್ನ. ಕಾಂಕ್ರೀಟ್ ಕಟ್ಟಡದೊಳಗೆ ತಡವರಿಸುತ್ತದೆ, ಯಾವ ಮಹಡಿ ಎಂದು ಹೇಳುವುದಂತೂ ಕಷ್ಟ. ಅದಕ್ಕೇ ಕೋಣೆಕೋಣೆಗೆ ಬ್ಲೂಟೂತ್ ಬೀಕನ್‌ನಂಥ ಪುಟ್ಟ ಸಾಧನ ಕೂರಿಸಬೇಕು. ಮಾರಾಟಗಾರರು ಪ್ರಾಂಶುಪಾಲರ ಕೊಠಡಿಯಲ್ಲಿ ತೋರಿಸಿದ್ದನ್ನು ನಂಬಿ ಸಹಿ ಹಾಕಬೇಡಿ. ನೆಲಮಾಳಿಗೆಯಲ್ಲಿ, ಲಿಫ್ಟಿನಲ್ಲಿ, ಮೂರನೇ ಮಹಡಿಯ ಶೌಚಾಲಯದಲ್ಲಿ ಒತ್ತಿಸಿ ನೋಡಿ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದದ್ದು ಸೆಮಿನಾರ್ ಹಾಲಿನಲ್ಲಿ. ಅಪಾಯ ಕಟ್ಟಡದೊಳಗೂ ಇರುತ್ತದೆ, ಗೇಟು ಕಾಯ್ದರೆ ಸಾಕೆಂಬ ಭ್ರಮೆ ಬಿಡಬೇಕು.

3. ಫೋನ್ ಇದೆಯಲ್ಲ ಎನ್ನಬೇಡಿ. 2017ರಿಂದ ನಮ್ಮಲ್ಲಿ ಮಾರುವ ಮೊಬೈಲ್‌ಗಳಲ್ಲಿ ಪ್ಯಾನಿಕ್ ಬಟನ್ ಕಡ್ಡಾಯ. ತುರ್ತು ಕರೆಯ ಸಂಖ್ಯೆ 112 ಕೂಡ ಇದೆ. ಎರಡನ್ನೂ ಎಲ್ಲರಿಗೂ ಹೇಳಿಕೊಡಿ. ಆದರೆ ಲ್ಯಾಬಿನಲ್ಲಿ ಫೋನ್ ಬ್ಯಾಗಿನೊಳಗಿರುತ್ತದೆ, ದಾಳಿಕೋರ ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ಕೊರಳಲ್ಲಿರುವುದು ಬೆರಳಿಗೆ ಬೇಗ ಸಿಗುತ್ತದೆ.

4. ಸಣ್ಣ ಕರೆ ಬೇರೆ, ದೊಡ್ಡ ಕರೆ ಬೇರೆ. ಅಮೆರಿಕದ ಶಾಲೆಗಳಲ್ಲಿರುವ ಸೆಂಟೆಜಿಕ್ಸ್ ಬ್ಯಾಡ್ಜ್‌ನಲ್ಲಿ ಮೂರು ಸಲ ಒತ್ತಿದರೆ ಹತ್ತಿರದ ಸಿಬ್ಬಂದಿ ಬರುತ್ತಾರೆ. ಎಂಟು ಸಲ ಒತ್ತಿದರೆ ಇಡೀ ಆವರಣಕ್ಕೆ ಲಾಕ್‌ಡೌನ್, ದೀಪಗಳು ಮಿನುಗಿ ಧ್ವನಿವರ್ಧಕ ಕೂಗುತ್ತದೆ. ಅಲ್ಲಿ ಬಹುಪಾಲು ಬಳಕೆ ಮೊದಲಿನದಕ್ಕೇ: ಯಾರೋ ಮೂರ್ಛೆ ಬಿದ್ದರು, ಹೊಡೆದಾಟ ಶುರುವಾಯಿತು ಎಂಬಂಥ ದಿನನಿತ್ಯದ ತುರ್ತಿಗೆ. ಹೀಗೆ ಬಳಸುತ್ತಿದ್ದರೆ ಕೈ ಪಳಗಿರುತ್ತದೆ. ವರ್ಷಗಟ್ಟಲೆ ಮುಟ್ಟದ ಗುಂಡಿ ಗಾಬರಿಯ ಹೊತ್ತಿನಲ್ಲಿ ನೆನಪಿಗೇ ಬರುವುದಿಲ್ಲ.

5. ತಪ್ಪಿ ಒತ್ತಿದವರಿಗೆ ದಂಡ ಹಾಕಬೇಡಿ. ಒಮ್ಮೆ ಬೈಸಿಕೊಂಡ ಹುಡುಗಿ ನಿಜವಾದ ಅಪಾಯದಲ್ಲೂ ಹಿಂದೆಮುಂದೆ ನೋಡುತ್ತಾಳೆ.

6. ಹಾಜರಾತಿಗೆ ಬಳಸಲೇಬೇಡಿ. ಒತ್ತಿದಾಗ ಮಾತ್ರ ಸ್ಥಳ ಗೊತ್ತಾಗಬೇಕು. ಯಾರು ಎಲ್ಲಿ ಹೋದರು, ಯಾರ ಜೊತೆ ಕೂತರು ಎಂದು ವಾರ್ಡನ್ ಇಣುಕಲು ಶುರುಮಾಡಿದ ದಿನವೇ ವಿದ್ಯಾರ್ಥಿಗಳು ಬ್ಯಾಡ್ಜ್ ಕಳಚಿ ಮೇಜಿನ ಖಾನೆಗೆ ಹಾಕುತ್ತಾರೆ. ಅವರದು ತಪ್ಪೆಂದು ನಾನಂತೂ ಹೇಳಲಾರೆ. ಮಾಹಿತಿ ಯಾರು ನೋಡಬಹುದು, ಎಷ್ಟು ದಿನಕ್ಕೆ ಅಳಿಸಬೇಕು ಎಂಬುದನ್ನು ಬರೆದು ನೋಟಿಸ್ ಬೋರ್ಡಿಗೆ ಹಾಕಿ.

7. ಕಸ ಗುಡಿಸುವವರಿಗೆ, ಹಾಸ್ಟೆಲ್ ಅಡುಗೆಯವರಿಗೆ, ಗುತ್ತಿಗೆ ನೌಕರರಿಗೂ ಕೊಡಿ. ನಸುಕಿನಲ್ಲಿ ಒಂಟಿಯಾಗಿ ಕಟ್ಟಡದ ಬಾಗಿಲು ತೆರೆಯುವವರು ಅವರೇ.

8. ಬ್ಯಾಟರಿ ಪರೀಕ್ಷೆಗೆ ತಿಂಗಳಿಗೊಂದು ದಿನ ಗೊತ್ತುಮಾಡಿ, ಹೊಣೆಗಾರರ ಹೆಸರು ಬರೆದಿಡಿ.

9. ಅಣಕು ಕರೆಯನ್ನು ರಾತ್ರಿ ಹನ್ನೊಂದಕ್ಕೆ, ಕರೆಂಟ್ ತೆಗೆದು ಮಾಡಿ. ಗುಂಡಿ ಒತ್ತಿದ ಕ್ಷಣದಿಂದ ಬಾಗಿಲಿಗೆ ಮನುಷ್ಯ ಬಂದು ನಿಲ್ಲುವವರೆಗೆ ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ನೋಡಿ, ಆ ಲೆಕ್ಕವನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿ.