ಖರ್ಚು ಖಜಾನೆಗೆ, ಗುಡ್‌ವಿಲ್ ಯಾರಿಗೆ?

ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಓದಿದ್ದೇವೆ. ಅಂಗಡಿಯವನು ತನ್ನ ದುಡ್ಡಿನಲ್ಲಿ ಜಾಹೀರಾತು ಕೊಟ್ಟರೆ ಬರುವ ಹೆಸರೂ ಆ ಅಂಗಡಿಯದೇ. ಆದರೆ ವಿಜಯನಗರದ ಬಸ್ ನಿಲ್ದಾಣದಲ್ಲಿ ನಾಯಕರ ಫೋಟೊ ತುಂಬಿದ ಸರ್ಕಾರಿ ಫಲಕ ನೋಡಿದಾಗ ನನಗೆ ಲೆಕ್ಕ ತಾಳೆಯಾಗಲಿಲ್ಲ. ಖರ್ಚು ನಮ್ಮ ತೆರಿಗೆಯದು, ಹೆಸರು ಪಕ್ಷದ್ದು.

ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿಯ ಫೋಟೊ ಮಾತ್ರ ಇರಬಹುದು ಎಂದು 2015ರ ಮೇ 13ರಂದು ತೀರ್ಪು ಬಂತು. ಮರುಪರಿಶೀಲನೆ ಕೇಳಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು! 2016ರ ಮಾರ್ಚ್ 18ರಂದು ರಾಜ್ಯಪಾಲ, ಮುಖ್ಯಮಂತ್ರಿ, ಸಚಿವರ ಫೋಟೊಗಳಿಗೂ ಕೋರ್ಟ್ ಒಪ್ಪಿತು. ಪಕ್ಷದ ಚಿಹ್ನೆ, ಬಾವುಟ ಮಾತ್ರ ಈಗಲೂ ಕೂಡದು.

ಹಾಗಂತ ಜಾಹೀರಾತೇ ಬೇಡ ಎನ್ನಲಾರೆ. ನಮ್ಮ ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಒಂದು ಯೋಜನೆಗೆ ಯಾವ ದಾಖಲೆ ಬೇಕೆಂದು ಪತ್ರಿಕೆಯ ಜಾಹೀರಾತು ನೋಡಿ ನಾನೇ ಹೇಳಬೇಕಿತ್ತು. ಸ್ಕೇಲ್ ಇಟ್ಟು ಅಳೆದೆ. ಫೋಟೊಗಳಿಗೆ ಅರ್ಧ ಪುಟ, ದಾಖಲೆಗಳ ಪಟ್ಟಿಗೆ ಎರಡು ಬೆರಳಗಲ. "ಕ್ಯಾ ಲಿಖಾ ಹೈ, ಬೇಟಾ?" ಎಂದು ಅಮ್ಮಿ ಕೇಳುತ್ತಲೇ ಇದ್ದರು. ನಾನು ಇನ್ನೂ ಆ ಸಣ್ಣ ಅಕ್ಷರಗಳನ್ನು ಹುಡುಕುತ್ತಿದ್ದೆ.