ಚಾಂಗಾನಿನ ಪರದೇಶಿಗಳು

ಚೀನಾ ದೇಶದ ಷಿಯಾನ್ ನಗರದಲ್ಲಿ ಒಂದು ಸಮಾಧಿಶಿಲೆ ದೊರೆತ ಸುದ್ದಿ ೨೦೦೪ರಲ್ಲಿ ಪ್ರಕಟವಾಯಿತು. ಅಗಲ ಒಂದು ಮೊಳಕ್ಕೂ ಕಡಿಮೆ. ಜಪಾನಿನಿಂದ ಬಂದು ವಿದ್ಯೆ ಕಲಿಯುತ್ತಿದ್ದ ಒಬ್ಬನು ಕ್ರಿ. ಶ. ೭೩೪ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಆ ನಗರದಲ್ಲಿ ತೀರಿಕೊಂಡನೆಂದು ಅದು ಹೇಳುತ್ತದೆ. ಶಿಲೆಯ ಮೇಲಿರುವುದು ಅವನ ಚೀನೀ ಹೆಸರು, ಜಿಂಗ್ ಜೆನ್‌ಚೆಂಗ್. ಜಪಾನಿನ ಹಳೆಯ ಚರಿತ್ರೆಗಳಲ್ಲಿ ಆ ಹೆಸರಿಲ್ಲ. ಚಕ್ರವರ್ತಿಯು ಮರುಗಿ, ಸತ್ತವನಿಗೆ ಪದವಿಯೊಂದನ್ನು ಕೊಟ್ಟು, ಸರ್ಕಾರದ ವೆಚ್ಚದಲ್ಲಿಯೇ ಅವನನ್ನು ಮಣ್ಣು ಮಾಡಿಸಿದನಂತೆ.

ಷಿಯಾನ್ ನಗರಕ್ಕೆ ಆಗ ಚಾಂಗಾನ್ ಎಂದು ಹೆಸರು. ತಾಂಗ್ ಚಕ್ರವರ್ತಿಗಳ ರಾಜಧಾನಿಯಾದ ಅದು ಅಂದಿನ ಲೋಕದ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದು. ಕೋಟೆಯೊಳಗಿನ ನೆಲವೇ ಸುಮಾರು ೮೪ ಚದರ ಕಿಲೋಮೀಟರು. ನಡುವಣ ರಾಜಬೀದಿಯ ಅಗಲ ಸುಮಾರು ೧೫೦ ಮೀಟರು. ನೂರಕ್ಕೂ ಹೆಚ್ಚು ಕೇರಿಗಳು. ಕೇರಿಕೇರಿಗೂ ಗೋಡೆ, ಬಾಗಿಲು, ಕಾವಲು. ಸಂಜೆ ಬೀದಿಯ ನಗಾರಿಗಳು ಮೊಳಗಿ ನಿಂತವೆಂದರೆ ಬಾಗಿಲುಗಳು ಮುಚ್ಚುತ್ತಿದ್ದುವು. ಆ ಮೇಲೆ ರಾಜಬೀದಿಯಲ್ಲಿ ಸಿಕ್ಕಿದವನಿಗೆ ಇಪ್ಪತ್ತು ಛಡಿಯೇಟು.

ಇಂಥ ಊರಿಗೆ ಕೊರಿಯದ ಸಿಲ್ಲಾ ರಾಜ್ಯದಿಂದಲೂ ಜಪಾನಿನಿಂದಲೂ ತರುಣರು ಓದಲು ಬರುತ್ತಿದ್ದರು. ೮೩೭ರಲ್ಲಿ ಸಿಲ್ಲಾದವರೇ ೨೧೬ ಮಂದಿ ಇದ್ದರು. ಅನ್ನವಸ್ತ್ರ ಚೀನಾ ಸರ್ಕಾರದ್ದು. ಪುಸ್ತಕದ ಹಣ ಅವರ ದೊರೆಯದು. ಜಪಾನಿನವರ ಪಯಣ ಇನ್ನೂ ಕಷ್ಟದ್ದು. ರಾಯಭಾರಿಯ ಹಡಗುಗಳು ಹೊರಡುತ್ತಿದ್ದುದೇ ಹಲವು ವರ್ಷಗಳಿಗೊಮ್ಮೆ. ಹೊರಟವೆಲ್ಲ ದಡ ಮುಟ್ಟುತ್ತಿರಲಿಲ್ಲ. ೭೧೭ರಲ್ಲಿ ಬಂದ ರಾಯಭಾರಿಗಳು ಪ್ರಾಚೀನ ಗ್ರಂಥಗಳ ಪಾಠ ಹೇಳಿಸಿಕೊಳ್ಳಬೇಕೆಂದು ಬಿನ್ನವಿಸಿದಾಗ ಚಕ್ರವರ್ತಿಯು ಒಬ್ಬ ಪಂಡಿತನನ್ನು ಅವರ ಬಿಡಾರಕ್ಕೇ ಕಳುಹಿಸಿದನು. ಅವರು ಅಗಲ ಪನ್ನದ ಬಟ್ಟೆಯನ್ನು ಗುರುದಕ್ಷಿಣೆಯಾಗಿ ಒಪ್ಪಿಸಿದರು. ತಮಗೆ ದೊರೆತ ಉಡುಗೊರೆಗಳನ್ನೆಲ್ಲ ಮಾರಿ ಪುಸ್ತಕ ಕೊಂಡು ಹಡಗೇರಿದರು. ಚೀನೀಯರು ಇದನ್ನು ತಮ್ಮ ರಾಜವಂಶದ ಚರಿತ್ರೆಯಲ್ಲಿಯೇ ಬರೆದಿಟ್ಟಿದ್ದಾರೆ. ಬೆರಗಾಗಿರಬೇಕು.

ರಾಜವಿದ್ಯಾಶಾಲೆಯ ನಿಯಮಗಳು ಬಿಗಿಯಾಗಿದ್ದುವು. ಹತ್ತು ದಿನಗಳಿಗೊಂದು ರಜೆ. ಆ ರಜೆಯ ಹಿಂದಿನ ದಿನವೇ ಪರೀಕ್ಷೆ! ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳದವನಿಗೆ ಶಿಕ್ಷೆ. ಈ ಏರ್ಪಾಟನ್ನು ಮಾಡಿದವನು ಮಕ್ಕಳ ಮನಸ್ಸನ್ನು ಚೆನ್ನಾಗಿ ಬಲ್ಲವನೋ ಏನೂ ಅರಿಯದವನೋ, ಮೇಷ್ಟರಾಗಿದ್ದ ನನಗೂ ಬಗೆಹರಿದಿಲ್ಲ. ಗಾನ, ವಿನೋದ, ಆಟಗಳಲ್ಲಿ ಮೈಮರೆತವನನ್ನು ಶಾಲೆಯಿಂದ ಹೊರಹಾಕುತ್ತಿದ್ದರು. ನಿಷೇಧವಿಲ್ಲದಿದ್ದುದು ಎರಡಕ್ಕೆ ಮಾತ್ರ: ತಂತೀವಾದ್ಯ ನುಡಿಸುವುದು, ಬಿಲ್ಲುವಿದ್ಯೆ. ಐದನೆಯ ತಿಂಗಳಲ್ಲಿ ಹೊಲದ ಕೆಲಸಕ್ಕೆಂದೂ ಒಂಬತ್ತನೆಯ ತಿಂಗಳಲ್ಲಿ ಚಳಿಗಾಲದ ಬಟ್ಟೆಗೆಂದೂ ದೊಡ್ಡ ರಜೆಗಳಿದ್ದುವು. ದೂರದೂರಿನವರಿಗೆ ಪ್ರಯಾಣಕ್ಕೆ ಹೆಚ್ಚಿನ ದಿನಗಳನ್ನೂ ಕೊಡುತ್ತಿದ್ದರು. ಆದರೆ ಎಷ್ಟು ದಿನ ಕೂಡಿಸಿದರೆ ಸಮುದ್ರದಾಚೆಯ ಹುಡುಗ ತನ್ನ ಮನೆಗೆ ಹೋಗಿ ಬಂದಾನು?

ಅಂಥವನಿಗೆ ರಜೆಯೆಂದರೆ ಊರು ಸುತ್ತುವುದು. ಮಧ್ಯಾಹ್ನ ಮುನ್ನೂರು ನಗಾರಿಪೆಟ್ಟುಗಳಾದ ಮೇಲೆ ಪಶ್ಚಿಮದ ಪೇಟೆ ತೆರೆಯುತ್ತಿತ್ತು. ಅಲ್ಲಿ ಪರ್ಷಿಯದ ವರ್ತಕರು, ಮಧ್ಯ ಏಷ್ಯದ ಸೊಗ್ಡಿಯನರು, ಒಲೆಯಿಂದ ಆಗತಾನೆ ತೆಗೆದ ಎಳ್ಳಿನ ರೊಟ್ಟಿ. ಎನ್ನಿನ್ ಎಂಬ ಜಪಾನೀ ಭಿಕ್ಷು ೮೪೧ರಲ್ಲಿ ಆ ರೊಟ್ಟಿಯ ಸಂಗತಿಯನ್ನು ತನ್ನ ದಿನಚರಿಯಲ್ಲಿ ಗುರುತುಮಾಡಿದ್ದಾನೆ. ವಸಂತದಲ್ಲಿ ಊರಿಗೆ ಊರೇ ಪಿಯೋನಿ ಹೂಗಳನ್ನು ನೋಡಲು ಹೊರಡುತ್ತಿತ್ತು. ಹೊಸ ವರ್ಷದ ಮೊದಲ ಹುಣ್ಣಿಮೆಯ ದೀಪೋತ್ಸವದಲ್ಲಿ ಮಾತ್ರ ಮೂರು ರಾತ್ರಿ ಕೇರಿಯ ಬಾಗಿಲುಗಳು ಮುಚ್ಚುತ್ತಿರಲಿಲ್ಲ. ವರ್ಷವೆಲ್ಲ ನಗಾರಿಗೆ ಅಂಜಿ ನಡೆದವರಿಗೆ ಆ ಬೆಳಕಿನಲ್ಲಿ ನಡುರಾತ್ರಿಯ ತಿರುಗಾಟ ಎಷ್ಟು ರುಚಿಸಿರಬೇಕು!

ಅವರು ಕಂಡಿರಬಹುದಾದ ಗೋಪುರವೊಂದು ಇಂದಿಗೂ ಅಲ್ಲಿ ನಿಂತಿದೆ. ಹ್ಯೂಯೆನ್‌ತ್ಸಾಂಗನು ಭಾರತದಿಂದ ತಂದ ಗ್ರಂಥಗಳನ್ನು ಇರಿಸಲೆಂದು ೬೫೨ರಲ್ಲಿ ಕಟ್ಟಿ, ಮುಂದೆ ಮತ್ತೆ ಕಟ್ಟಿಸಿದ ಗೋಪುರ ಅದು. ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟವನು ಈ ಹ್ಯೂಯೆನ್‌ತ್ಸಾಂಗನೇ. ನಾಲಂದೆಯಲ್ಲಿ ಅವನೂ ಒಬ್ಬ ಪರದೇಶಿ ವಿದ್ಯಾರ್ಥಿಯಾಗಿದ್ದವನು.

ಪರದೇಶಿ ಎಂಬ ನಮ್ಮ ಮಾತಿಗೆ ಹೊರನಾಡಿನವನು ಎಂಬ ಅರ್ಥವೂ ಉಂಟು, ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ಸಿಲ್ಲಾದ ಚೊಯ್ ಚಿವೊನ್ ೮೬೮ರಲ್ಲಿ ಹಡಗು ಹತ್ತಿದಾಗ ಅವನಿಗೆ ಹನ್ನೆರಡೇ ವರ್ಷ. ಹತ್ತು ವರ್ಷಗಳೊಳಗೆ ಪರೀಕ್ಷೆಯಲ್ಲಿ ಗೆಲ್ಲದಿದ್ದರೆ ತನ್ನ ಮಗನೆನ್ನಿಸಿಕೊಳ್ಳಬೇಡವೆಂದು ತಂದೆ ಹೇಳಿ ಕಳುಹಿಸಿದನಂತೆ. ಹುಡುಗ ಆರೇ ವರ್ಷಗಳಲ್ಲಿ ಗೆದ್ದನು. ಆ ಆರು ವರ್ಷ ದೀಪೋತ್ಸವದ ರಾತ್ರಿಗಳಲ್ಲಿ ಅವನು ಹೊರಗೆ ಹೋಗಿದ್ದನೆ? ನನಗೇಕೋ ಸಂದೇಹ.

೭೧೭ರಲ್ಲಿ ಜಪಾನಿನಿಂದ ಕೂಡಿ ಬಂದವರಲ್ಲಿ ಕಿಬಿ ನೊ ಮಕಿಬಿ ಎಂಬವನು ಹದಿನೇಳು ವರ್ಷಗಳ ಬಳಿಕ ಪಂಚಾಂಗಶಾಸ್ತ್ರ, ಸಂಗೀತಗ್ರಂಥ, ಅಳತೆಗೋಲುಗಳನ್ನು ಹೊತ್ತು ಹಿಂದಿರುಗಿದನು. ಅವನ ಜೊತೆಗಾರ ಅಬೆ ನೊ ನಕಮರೊ ತಾಂಗ್ ಅರಮನೆಯ ಉದ್ಯೋಗಿಯಾಗಿ, ವಾಂಗ್ ವೇಯ್, ಲೀ ಬಾಯ್‌ರಂಥ ಮಹಾಕವಿಗಳ ಗೆಳೆಯನಾಗಿ ಉಳಿದನು. ೭೫೩ರಲ್ಲಿ, ಐವತ್ತು ದಾಟಿದ ಮೇಲೆ, ಕಡೆಗೂ ಊರಿಗೆ ಹೊರಟನು. ಆಗ ಚಂದ್ರನನ್ನು ಕಂಡು ಅವನು ರಚಿಸಿದನೆಂದು ಹೇಳುವ ಕವಿತೆ ಜಪಾನಿನಲ್ಲಿ ಇಂದಿಗೂ ಮನೆಮಾತು. ಬಿರುಗಾಳಿಯು ಹಡಗನ್ನು ವಿಯಟ್ನಾಮಿನ ತೀರಕ್ಕೆ ಒಯ್ದಿತು. ಸತ್ತನೆಂದೇ ತಿಳಿದು ಲೀ ಬಾಯ್ ಚರಮಗೀತೆಯನ್ನೂ ಬರೆದನು. ನಕಮರೊ ಬದುಕಿದ್ದನು, ಕಾಡುಮೇಡು ದಾಟಿ ಮತ್ತೆ ಚಾಂಗಾನಿಗೇ ಬಂದು, ೭೭೦ರಲ್ಲಿ ಅಲ್ಲಿಯೇ ತೀರಿಕೊಂಡನು.

ಜಿಂಗ್ ಜೆನ್‌ಚೆಂಗನೂ ಬಹುಶಃ ಅದೇ ೭೧೭ರ ಹಡಗುಗಳಲ್ಲಿ ಬಂದವನೆಂದು ವಿದ್ವಾಂಸರು ಊಹಿಸುತ್ತಾರೆ. ದೇಹವು ಪರನಾಡಿನ ಮಣ್ಣು ಸೇರಿದರೂ ಜೀವವು ತನ್ನ ಹಳೆಯ ಊರಿಗೆ ಮರಳಲಿ ಎಂಬ ಆಶಯದೊಡನೆ ಅವನ ಶಿಲೆಯ ಬರಹ ಮುಗಿಯುತ್ತದೆ. ೨೦೦೫ರಲ್ಲಿ ಆ ಶಿಲೆಯನ್ನು ಪ್ರದರ್ಶನಕ್ಕೆಂದು ಜಪಾನಿಗೆ ಒಯ್ದರು. ಅವನು ಸತ್ತು ಆಗ ೧೨೭೧ ವರ್ಷಗಳಾಗಿದ್ದುವು.